ಹೊಸಕೋಟೆಯ ಪುಟ್ಟ ವೋಲ್ವೊ, ಕಣ್ಣಿಗೆ ಹೆಚ್ಚಿದ ಕೆಲಸ

ನಮ್ಮಲ್ಲಿ ವೋಲ್ವೊ ಎಂದರೆ ಬಸ್ಸು. 'ವೋಲ್ವೊದಲ್ಲಿ ಬಂದೆ' ಎಂದು ಯಾರಾದರೂ ಹೇಳಿದರೆ ಮಂಗಳೂರಿನಿಂದಲೋ ಮೈಸೂರಿನಿಂದಲೋ ಐರಾವತದಲ್ಲಿ ತಣ್ಣಗೆ ಕುಳಿತು ಬಂದರು ಎಂದೇ ಅರ್ಥ. ಸ್ವಂತ ಕಾರಿನಲ್ಲಿ ಬಂದರು ಎಂದು ಯಾರೂ ತಿಳಿಯುವುದಿಲ್ಲ. ಆ ಹೆಸರಿನ ಕಾರುಗಳೂ ಇವೆ, ಅವೂ ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಲ್ಲೇ ಜೋಡಣೆಯಾಗುತ್ತವೆ ಎಂಬುದು ಅನೇಕರಿಗೆ ಹೊಸ ಸಂಗತಿ. ಅಲ್ಲಿ ವೋಲ್ವೊ ಲಾರಿಗಳ ತಯಾರಿಕೆ ಆರಂಭವಾದದ್ದು 1998ರಲ್ಲಿ. ಬಸ್ಸುಗಳು ಆಮೇಲೆ ಬಂದವು. ಕಾರುಗಳ ಸರದಿ ಬಂದದ್ದು 2017ರಲ್ಲಿ. ಹಾಗೆಂದು ಎಲ್ಲ ಒಂದೇ ಮನೆಯವೆಂದು ತಿಳಿಯಬೇಕಾಗಿಲ್ಲ. ಸ್ವೀಡನ್ನಿನ ಆ ಮನೆತನ 1999ರಲ್ಲೇ ಪಾಲಾಯಿತು. ಕಾರಿನ ವಿಭಾಗವನ್ನು ಅಮೆರಿಕದ ಫೋರ್ಡ್ ಕೊಂಡಿತು. 2010ರಲ್ಲಿ ಅದು ಚೀನಾದ ಜೀಲಿ ಕಂಪನಿಯ ಕೈಗೆ ಬಂತು. ಅಣ್ಣತಮ್ಮಂದಿರಲ್ಲಿ ಒಬ್ಬ ದತ್ತು ಹೋಗಿಯೂ ಹಳೆಯ ಮನೆಯ ಹೆಸರನ್ನೇ ಇಟ್ಟುಕೊಂಡ ಹಾಗೆ.

ಈ ವಾರ ಹೇಳಹೊರಟಿರುವುದು ಆ ದತ್ತುಮಗನ ಕಿರಿಯ ಕೂಸಿನ ವಿಷಯ. ಹೆಸರು ಇಎಕ್ಸ್ 30. ಪೂರ್ತಿ ವಿದ್ಯುತ್ತಿನಿಂದ ಓಡುವ ಪುಟ್ಟ ಎಸ್‌ಯುವಿ. 2023ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಇದರ ಪ್ರಥಮ ಪ್ರದರ್ಶನವಾಯಿತು. ನಮ್ಮ ಮಾರುಕಟ್ಟೆಗೆ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಆಗಿನ ಷೋರೂಮ್ ಬೆಲೆ 41 ಲಕ್ಷ ರೂಪಾಯಿ. ಇಷ್ಟು ಹಣಕ್ಕೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಒಂದು ಮನೆಯೇ ಬರುತ್ತದಲ್ಲ ಎಂದು ಓದುಗರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೊಳ್ಳುವವರು ಇದ್ದಾರೆ, ಕೊಳ್ಳುತ್ತಿದ್ದಾರೆ. ಪರಿಚಿತರೊಬ್ಬರು ಕೊಂಡ ಕಾರು ಒಂದು ಇಡೀ ದಿನ ನನ್ನ ಕೈಗೆ ಬಂತು. ಬೆಂಗಳೂರಿನಿಂದ ಹೊಸಕೋಟೆ ಮಾರ್ಗವಾಗಿ ಕೋಲಾರಕ್ಕೆ ಹೋಗಿ ಬಂದೆ. ಜೊತೆಗೆ ನಮ್ಮ ಬೀದಿಯ ಹಿರಿಯರೊಬ್ಬರನ್ನು ಕರೆದುಕೊಂಡಿದ್ದೆ. ಸಾರಿಗೆ ಸಂಸ್ಥೆಯಲ್ಲಿ ಬಸ್ ಚಾಲಕರಾಗಿದ್ದು ನಿವೃತ್ತರಾದವರು; ಕೊನೆಯ ಕೆಲವು ವರ್ಷ ವೋಲ್ವೊ ಬಸ್ಸನ್ನೇ ಓಡಿಸಿದವರು. ಅವರ ಅಭಿಪ್ರಾಯ ನನ್ನದಕ್ಕಿಂತ ಬೆಲೆಯುಳ್ಳದ್ದು.

ಮೊದಲು ರೂಪದ ಮಾತು. ಉದ್ದ ನಾಲ್ಕೂಕಾಲು ಮೀಟರಿಗಿಂತ ತುಸು ಕಡಿಮೆ, ಎತ್ತರ ಸುಮಾರು 1.55 ಮೀಟರು. ಎಸ್‌ಯುವಿ ಎಂದರೆ ಜೀಪಿನ ಹಾಗೆ ಎದೆಯುಬ್ಬಿಸಿ ನಿಲ್ಲುವ ವಾಹನವನ್ನು ನೆನೆಯುವವರಿಗೆ ಇದು ಸ್ವಲ್ಪ ಎತ್ತರಿಸಿದ ಸಣ್ಣ ಕಾರಿನಂತೆಯೇ ಕಂಡೀತು. ಆದರೆ ನಿಲುವಿನಲ್ಲಿ ಒಂದು ಗಟ್ಟಿತನವಿದೆ. ಚಕ್ರಗಳು ನಾಲ್ಕು ಮೂಲೆಗೆ ಸರಿದಿವೆ, ಮುಂದೆಯೂ ಹಿಂದೆಯೂ ಹೊರಚಾಚು ಕಡಿಮೆ. ಎಂಜಿನ್ ಇಲ್ಲದ ಕಾರಿಗೆ ಗಾಳಿ ಹೀರುವ ಜಾಲರಿ ಬೇಕಿಲ್ಲವಲ್ಲ. ಹಾಗಾಗಿ ಮುಖವನ್ನು ನುಣುಪಾಗಿ ಮುಚ್ಚಿಬಿಟ್ಟಿದ್ದಾರೆ. ವೋಲ್ವೊದ ಹಳೆಯ ಗುರುತಾದ ಓರೆಪಟ್ಟಿ ಮಾತ್ರ ಉಳಿದಿದೆ. ದೀಪಗಳು ಇಂಗ್ಲಿಷಿನ 'ಟಿ' ಅಕ್ಷರವನ್ನು ಅಡ್ಡ ಮಲಗಿಸಿದ ಆಕಾರದವು. ಇದಕ್ಕೆ ಅವರು ಥಾರ್ ದೇವರ ಸುತ್ತಿಗೆ ಎನ್ನುತ್ತಾರೆ. ಉತ್ತರ ಯುರೋಪಿನ ಪುರಾಣದಲ್ಲಿ ಥಾರ್ ಎಂದರೆ ಗುಡುಗಿನ ದೇವರು, ನಮ್ಮ ಇಂದ್ರನ ಹಾಗೆ. ಇಂದ್ರನ ಐರಾವತ ಬಸ್ಸಿಗೆ ಹೋಯಿತು, ಗುಡುಗಿನ ದೇವರ ಸುತ್ತಿಗೆ ಕಾರಿಗೆ ಬಂತು!

ಹೊರಗೆ ಅನಗತ್ಯವಾದ ಒಂದು ಗೆರೆಯೂ ಇಲ್ಲ. ಈಚಿನ ದಿನಗಳಲ್ಲಿ ಕಾರಿನ ಬಾಗಿಲ ಮೇಲೆ ಕತ್ತಿಯಿಂದ ಕೆತ್ತಿದಂತೆ ಹತ್ತಾರು ಮಡಿಕೆಗಳನ್ನು ಹಾಕುವ ಖಯಾಲಿ ಎಲ್ಲೆಲ್ಲೂ ಇದೆ. ಅದರ ನಡುವೆ ಈ ಸಂಯಮ ಕಣ್ಣಿಗೆ ಹಿತ.

ಒಳಗಿನ ಸಂಗತಿ ಇನ್ನೂ ಸ್ವಾರಸ್ಯಕರ. ಐಷಾರಾಮಿ ಕಾರು ಎಂದರೆ ಚರ್ಮದ ಹೊದಿಕೆ, ಹೊಳೆಯುವ ಮರ ಎಂಬ ನಂಬಿಕೆಯನ್ನು ಇವರು ಕೈಬಿಟ್ಟಿದ್ದಾರೆ. ಜೀನ್ಸ್ ಬಟ್ಟೆಯ ತ್ಯಾಜ್ಯದಿಂದ ಮಾಡಿದ ಹೊದಿಕೆ, ಹಳೆಯ ಕಿಟಕಿ ಚೌಕಟ್ಟುಗಳ ಪ್ಲಾಸ್ಟಿಕ್ಕನ್ನು ಪುಡಿಮಾಡಿ ಮತ್ತೆ ಅಚ್ಚು ಹಾಕಿದ ಫಲಕ, ಅಗಸೆ ನಾರಿನ ನೇಯ್ಗೆ ಇವೆಲ್ಲ ಈ ಮಾದರಿಯ ಬೇರೆ ಬೇರೆ ಒಳಾಂಗಣಗಳಲ್ಲಿ ಸಿಗುತ್ತವೆ. ಅಗಸೆ ಎಂದರೆ ನಮ್ಮ ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಹಿಂಡಿ ಮಾಡಿಕೊಂಡು ತಿನ್ನುವ ಅದೇ ಅಗಸಿ. ಬೀಜವನ್ನು ನಾವು ತಿಂದೆವು, ಕಾಂಡದ ನಾರನ್ನು ಅವರು ನಾಲ್ಕು ದಶಲಕ್ಷದ ಕಾರಿಗೆ ಅಂಟಿಸಿದರು. ಕಾರಿನ ಅಲ್ಯೂಮಿನಿಯಂನಲ್ಲಿ ಕಾಲುಭಾಗದಷ್ಟು, ಉಕ್ಕಿನಲ್ಲಿ ಶೇಕಡ 17ರಷ್ಟು ಮರುಬಳಕೆಯದು ಎಂಬುದು ಕಂಪನಿಯ ಲೆಕ್ಕ. ಇದನ್ನು ಮೆಚ್ಚಲೇಬೇಕು. ಮುಟ್ಟಿದರೆ ಅಗ್ಗದ್ದೆನಿಸುವುದಿಲ್ಲ, ಖಾದಿ ಜುಬ್ಬದ ಹಾಗೆ ಒಂದು ಮರ್ಯಾದೆ ಇದೆ.

ಬಾಗಿಲುಗಳಲ್ಲಿ ಧ್ವನಿವರ್ಧಕಗಳಿಲ್ಲ. ಎಲ್ಲವನ್ನೂ ಮುಂಗಾಜಿನ ಕೆಳಗೆ ಉದ್ದನೆಯ ಒಂದೇ ಪಟ್ಟಿಯಲ್ಲಿ ಸೇರಿಸಿದ್ದಾರೆ. ಹಾಗಾಗಿ ಬಾಗಿಲಿನ ಜೇಬುಗಳು ದೊಡ್ಡವಾಗಿವೆ, ನೀರಿನ ಬಾಟಲಿ, ಛತ್ರಿ, ದಿನಪತ್ರಿಕೆ ಎಲ್ಲಕ್ಕೂ ಜಾಗವಿದೆ. ಕಿಟಕಿ ಇಳಿಸುವ ಸ್ವಿಚ್ಚೂ ಬಾಗಿಲಲ್ಲಿಲ್ಲ, ಎರಡು ಸೀಟುಗಳ ನಡುವೆ ಇದೆ. ಅದೂ ಎರಡೇ. ಹಿಂದಿನ ಕಿಟಕಿ ಬೇಕಾದರೆ ಇನ್ನೊಂದು ಗುಂಡಿಯೊತ್ತಿ, ಅದೇ ಸ್ವಿಚ್ಚುಗಳನ್ನು ಹಿಂಬದಿಯ ಸೇವೆಗೆ ಒಪ್ಪಿಸಬೇಕು. ತಂತಿ, ಸ್ವಿಚ್ಚು, ಅಚ್ಚು ಎಲ್ಲದರಲ್ಲೂ ಉಳಿತಾಯ. ಕೊಳ್ಳುವವರಿಗೆ ಸರಳತೆ, ಮಾರುವವರಿಗೆ ಲಾಭ. ಇಬ್ಬರಿಗೂ ಒಂದೇ ಹೆಸರಿನ ಸುಖ.

ನಮ್ಮ ಹಿರಿಯರು ಒಳಗೆ ಕುಳಿತು ಎರಡು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು: "ಸಾರ್, ಇದಕ್ಕೆ ಮೀಟ್ರೇ ಇಲ್ವಲ್ಲ?"

ನಿಜ. ಸ್ಟಿಯರಿಂಗಿನ ಹಿಂದೆ ವೇಗ ತೋರಿಸುವ ಫಲಕವೇ ಇಲ್ಲ. ಗಾಜಿನ ಮೇಲೆ ಅಂಕಿ ಮೂಡಿಸುವ ಏರ್ಪಾಡೂ ಇಲ್ಲ. ನಟ್ಟನಡುವೆ ಪುಸ್ತಕದಂತೆ ನೆಟ್ಟಗೆ ನಿಂತ 12.3 ಅಂಗುಲದ ಒಂದು ಪರದೆ. ಕಾರಿಗೂ ನಮಗೂ ನಡೆಯಬೇಕಾದ ವ್ಯವಹಾರವೆಲ್ಲ ಅದರ ಮೂಲಕವೇ. ವೇಗ ಅದರ ಮೇಲ್ತುದಿಯಲ್ಲಿ, ನಕ್ಷೆ ನಡುವೆ, ಹವಾನಿಯಂತ್ರಣ ಕೆಳಗೆ. ಪಕ್ಕದ ಕನ್ನಡಿಗಳನ್ನು ತಿರುಗಿಸಬೇಕೆ? ಪರದೆಯಲ್ಲಿ ಹುಡುಕಿ ಆರಿಸಿ, ಸ್ಟಿಯರಿಂಗಿನ ಗುಂಡಿಯಿಂದ ಸರಿಪಡಿಸಬೇಕು. ಕಾಗದಪತ್ರ ಇಡುವ ಖಾನೆಯನ್ನು ಹಿರಿಯರು ಎಡಗಡೆ ತಮ್ಮ ಮೊಣಕಾಲಿನ ಮುಂದೆ ತಡವಿದರು. ಅಲ್ಲಿರಲಿಲ್ಲ. ಪರದೆಯ ಕೆಳಗೆ ನಡುವಿನಲ್ಲಿತ್ತು, ಹಿಡಿಯಿಲ್ಲದೆ. ಅದನ್ನು ತೆರೆಯಲಿಕ್ಕೂ ಪರದೆಯನ್ನೇ ಮುಟ್ಟಬೇಕು. "ಬೀಗದಕೈ ಒಂದು ಕಡೆ, ಪೆಟ್ಟಿಗೆ ಒಂದು ಕಡೆ" ಎಂದು ನಕ್ಕರು.

ಇನ್ನು ಓಡಿಸುವ ಅನುಭವ. ಬೀಗದಕೈ ತಿರುವುವುದಿಲ್ಲ, ಸ್ಟಾರ್ಟ್ ಗುಂಡಿಯೂ ಇಲ್ಲ. ಕುಳಿತು, ಬೆಲ್ಟು ಕಟ್ಟಿ, ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಕೆಳಗೆ ಒತ್ತಿದರೆ ಹೊರಟಿತು. ಟಿನ್ ಫ್ಯಾಕ್ಟರಿಯ ಜಂಗುಳಿಯಲ್ಲಿ ಇದು ಬಂಗಾರ. ಕ್ಲಚ್ಚಿಲ್ಲ, ಗೇರಿಲ್ಲ, ಸದ್ದಿಲ್ಲ. ಒಂದೇ ಪೆಡಲಿನ ವ್ಯವಸ್ಥೆ ಆರಿಸಿಕೊಂಡರೆ ಕಾಲೆತ್ತಿದೊಡನೆ ಕಾರು ತಾನೇ ನಿಧಾನವಾಗಿ ನಿಲ್ಲುತ್ತದೆ, ಆ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಆಟೋಗಳ ನಡುವೆ ನುಸುಳಲು ಚಿಕ್ಕ ಮೈ ಅನುಕೂಲ.

ಕೆ.ಆರ್. ಪುರದ ತೂಗುಸೇತುವೆ ದಾಟಿ ರಸ್ತೆ ಬಿಡುವಾದ ಮೇಲೆ ಅದರ ನಿಜವಾದ ಕಸುವು ತಿಳಿಯಿತು. 272 ಅಶ್ವಶಕ್ತಿ, ಎಲ್ಲವೂ ಹಿಂದಿನ ಚಕ್ರಗಳಿಗೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 5.3 ಸೆಕೆಂಡು. ಹಿಂದಿನ ಕಾಲದಲ್ಲಿ ಇದು ಪಂದ್ಯದ ಕಾರುಗಳ ಲೆಕ್ಕ. ಲಾರಿಯೊಂದನ್ನು ಹಿಂದೆ ಹಾಕಬೇಕೆಂದು ಮನಸ್ಸು ಮಾಡುವುದರೊಳಗೆ ಹಿಂದೆ ಹಾಕಿಯಾಗಿರುತ್ತದೆ. ತಿರುವುಗಳಲ್ಲಿ ಮೈ ವಾಲುವುದಿಲ್ಲ. ಬ್ಯಾಟರಿಯ ಭಾರವೆಲ್ಲ ತಳದಲ್ಲಿರುವುದರಿಂದ ಕಾರು ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ. ಹಳ್ಳಿಗಳ ಬಳಿಯ ಉಬ್ಬುಗಳಲ್ಲಿ ಮಾತ್ರ ಸ್ಪ್ರಿಂಗಿನ ಬಿಗುವು ಸೊಂಟಕ್ಕೆ ತಿಳಿಯುತ್ತದೆ.

ಬ್ಯಾಟರಿ 69 ಕಿಲೋವಾಟ್ ಗಂಟೆಯದು. ಒಮ್ಮೆ ತುಂಬಿಸಿದರೆ 480 ಕಿಲೋಮೀಟರ್ ಎಂಬುದು ಯುರೋಪಿನ ಪರೀಕ್ಷಾ ಕ್ರಮದ ಅಂಕಿ. ನಮ್ಮ ಬಿಸಿಲು, ಎ.ಸಿ., ನಾಲ್ಕು ಜನ, ಅವರ ಸಾಮಾನು ಇವೆಲ್ಲ ಸೇರಿದಾಗ ಮುನ್ನೂರೈವತ್ತರ ಲೆಕ್ಕ ಇಟ್ಟುಕೊಂಡು ಹೊರಡುವುದು ಕ್ಷೇಮ.

ಹಿಂದಿನ ಸೀಟು ಹೇಳಿಕೊಳ್ಳುವಂಥದ್ದಲ್ಲ. ಕೋಲಾರದಿಂದ ಮರಳುವಾಗ ಹಿರಿಯರು ಸ್ವಲ್ಪ ದೂರ ಅಲ್ಲಿ ಕುಳಿತು ನೋಡಿದರು. ತಳದಲ್ಲಿ ಬ್ಯಾಟರಿ ಇರುವುದರಿಂದ ನೆಲ ಎತ್ತರ, ಮೊಣಕಾಲು ಮೇಲೆ ಬರುತ್ತದೆ, ತೊಡೆಗೆ ಆಸರೆಯಿಲ್ಲ. ಡಿಕ್ಕಿಯ ಜಾಗ 318 ಲೀಟರು. ಡ್ರೈವರನ್ನಿಟ್ಟುಕೊಂಡು ಹಿಂದೆ ಕುಳಿತು ಓಡಾಡುವ ಸಾಹುಕಾರರ ಕಾರಲ್ಲ ಇದು. ತಾವೇ ಓಡಿಸುವವರದು.

ತಾವೇ ಓಡಿಸುವವರದು ಎಂದ ಮೇಲೆ ಓಡಿಸುವವರ ಕಣ್ಣಿನ ಪ್ರಶ್ನೆ ಬರುತ್ತದೆ. ನನ್ನ ಮಟ್ಟಿಗೆ ಈ ಕಾರಿನಲ್ಲಿ ಚರ್ಚಿಸಬೇಕಾದ ವಿಷಯ ಇದೊಂದೇ.

ಗುಂಡಿ, ತಿರುಗಣೆ, ಹಿಡಿ ಇವೆಲ್ಲ ಕೈಗೆ ಗೊತ್ತಿರುವ ವಸ್ತುಗಳು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆಯೆಂದು ಮನೆಯಾಕೆ ತಿರುಗಿ ನೋಡುವುದಿಲ್ಲ. ಕೈ ತಾನೇ ಹೋಗುತ್ತದೆ. ಹಿರಿಯರು ಹೇಳಿದ್ದೂ ಅದನ್ನೇ: "ರಾತ್ರಿ ಬಸ್ಸಲ್ಲಿ ಒಳಗೆಲ್ಲ ಕತ್ಲೆ ಇರ್ತದೆ ಸಾರ್. ಯಾವ ಸ್ವಿಚ್ಚು ಎಲ್ಲಿದೆ ಅಂತ ಬೆರಳಿಗೇ ಗೊತ್ತು. ರಸ್ತೆ ಬಿಟ್ಟು ಬಗ್ಗಿ ನೋಡಿದ್ರೆ ಹಿಂದೆ ಕೂತಿರೋ ನಲವತ್ತು ಜನದ ಕಥೆ?" ಪರದೆಯಾದರೋ ನುಣ್ಣನೆಯ ಗಾಜು. ಬೆರಳಿಗೆ ಅಲ್ಲಿ ಗುರುತಿಲ್ಲ. ಪ್ರತಿ ಸಲವೂ ಕಣ್ಣು ಮುಂದೆ ಹೋಗಿ ದಾರಿ ತೋರಿಸಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಸಾಗುತ್ತದೆ. ಎರಡು ಸೆಕೆಂಡು ಪರದೆ ನೋಡಿದರೆ ಮೂವತ್ತು ಮೀಟರಿಗೂ ಹೆಚ್ಚು ದೂರ ರಸ್ತೆಯನ್ನು ನೋಡದೆ ಹೋದಂತಾಯಿತು. ನಮ್ಮ ಹೆದ್ದಾರಿಯಲ್ಲಿ ಅಷ್ಟು ಅಂತರದಲ್ಲಿ ಏನೇನು ಅಡ್ಡ ಬರಬಹುದು? ಎದುರು ದಿಕ್ಕಿನಿಂದ ಬರುವ ಟಿವಿಎಸ್, ಹಗ್ಗ ಬಿಚ್ಚಿದ ಎಮ್ಮೆ, ಬಣ್ಣ ಮಾಸಿದ ಉಬ್ಬು. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ 1,68,491. ಸ್ವೀಡನ್ನಿನ ಖಾಲಿ ರಸ್ತೆಯಲ್ಲಿ ಕಣ್ಣಿಗೆ ಬಿಡುವಿರಬಹುದು. ಇಲ್ಲಿ ಅದಕ್ಕೆ ಮೊದಲೇ ಕೈತುಂಬ ಕೆಲಸ.

ಇದನ್ನು ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಟೆಸ್ಲಾ ಕಂಪನಿಯ ಮಾಡೆಲ್ 3 ಕಾರು 2017ರಲ್ಲೇ ಹೀಗೆ ನಡುವಿನ ಒಂದೇ ಪರದೆಯೊಂದಿಗೆ ಬಂದಿತ್ತು. ಆದರೆ ವೋಲ್ವೊ ಎಂದರೆ ಸುರಕ್ಷತೆಗೆ ಪರ್ಯಾಯ ಪದ. ಹೆಗಲಿಂದ ಸೊಂಟಕ್ಕೆ ನಾವೆಲ್ಲ ಕಟ್ಟಿಕೊಳ್ಳುವ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ರೂಪಿಸಿದವರು ಅದರ ಎಂಜಿನಿಯರ್ ನಿಲ್ಸ್ ಬೋಲಿನ್. ಪೇಟೆಂಟ್ ಇದ್ದರೂ ಇತರ ತಯಾರಕರೆಲ್ಲ ಅದನ್ನು ಬಳಸಲು ಕಂಪನಿ ಬಿಟ್ಟುಕೊಟ್ಟಿತು. ಆ ಬೆಲ್ಟಿನ ಹಿರಿಮೆ ಏನು? ಒಂದೇ ಕೈಯಲ್ಲಿ, ನೋಡದೆ ಕಟ್ಟಬಹುದು.

ವಿಚಿತ್ರವೆಂದರೆ ಈ ಕಾರಿನಲ್ಲಿ ಚಾಲಕನನ್ನು ಕಾಯುವ ಒಂದು ಕಣ್ಣೂ ಇದೆ. ಸ್ಟಿಯರಿಂಗಿನ ಹಿಂದಿರುವ ಆ ಸಂವೇದಕ ನಿಮ್ಮ ಮುಖ, ಕಣ್ಣುಗಳ ಚಲನೆಯನ್ನು ಗಮನಿಸುತ್ತದೆ. ನೋಟ ರಸ್ತೆಯಿಂದ ಹೆಚ್ಚು ಹೊತ್ತು ಸರಿದರೆ ಎಚ್ಚರಿಸುತ್ತದೆ. ಪರದೆಯಲ್ಲಿ ಎ.ಸಿ. ಹುಡುಕುತ್ತಿರುವವನಿಗೂ ಈ ಬುದ್ಧಿವಾದ ತಪ್ಪಿದ್ದಲ್ಲ. ಊಟಕ್ಕೆ ಕರೆದು, ತಟ್ಟೆಯ ಕಡೆ ನೋಡಬೇಡ ಎಂದಂತೆ!

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಡಿಕ್ಕಿಯಾದಾಗ ಒಳಗಿದ್ದವರನ್ನು ಉಳಿಸುವ ವಿಷಯದಲ್ಲಿ ಈ ಪುಟ್ಟ ಕಾರು ಮನೆತನದ ಹೆಸರು ಉಳಿಸಿದೆ. ಯುರೋಪಿನ ಯೂರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿದೆ. ಇಂಡಿಕೇಟರು, ವೈಪರು ಹಳೆಯ ಕ್ರಮದಲ್ಲಿ ಕಡ್ಡಿಯಲ್ಲೇ ಇವೆ. ಅದೇ ಯೂರೋ ಎನ್‌ಕ್ಯಾಪ್ ಸಂಸ್ಥೆ 2024ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. 2026ರಿಂದ ಪೂರ್ಣ ಅಂಕ ಬೇಕಾದರೆ ಇಂಡಿಕೇಟರು, ಹಾರನ್ನು, ವೈಪರು, ಅಪಾಯದ ದೀಪ, ತುರ್ತು ಕರೆ ಇವುಗಳಿಗಾದರೂ ಕೈಗೆ ಸಿಗುವ ನಿಜವಾದ ಗುಂಡಿ ಇರಬೇಕೆಂದು ಅದು ಹೇಳಿತು. ಮುಖ್ಯ ಕೆಲಸಗಳಿಗೆ ಮತ್ತೆ ಗುಂಡಿಗಳನ್ನು ತರುವುದಾಗಿ ಫೋಕ್ಸ್‌ವ್ಯಾಗನ್ 2025ರಲ್ಲಿ ಘೋಷಿಸಿತು. ಗಾಳಿ ತಿರುಗುತ್ತಿರುವಂತಿದೆ. ವೋಲ್ವೊ ಕೂಡ ಪರದೆಯ ತಂತ್ರಾಂಶವನ್ನು ದೂರದಿಂದಲೇ ಬದಲಿಸಬಲ್ಲದು, ಅಡ್ಡದಾರಿಗಳನ್ನು ಸೇರಿಸಬಲ್ಲದು. ಆದರೆ ಸ್ಟಿಯರಿಂಗಿನ ಹಿಂದೆ ಇಲ್ಲದ ಮೀಟರನ್ನು ತಂತ್ರಾಂಶ ತಂದುಕೊಡಲಾರದು.

ಕೊಳ್ಳಬಹುದೇ? ಊರೊಳಗೆ ಓಡಾಡುವ ಇಬ್ಬರ ಸಂಸಾರಕ್ಕೆ, ಮನೆಯಲ್ಲೇ ಚಾರ್ಜು ಮಾಡಿಕೊಳ್ಳುವ ಅನುಕೂಲ ಇರುವವರಿಗೆ ಅಡ್ಡಿಯಿಲ್ಲ. ಇಷ್ಟು ಚೆನ್ನಾಗಿ ಓಡುವ ಸಣ್ಣ ಕಾರುಗಳು ಕಡಿಮೆ. ಆದರೆ ಪರೀಕ್ಷೆಗೆ ಹೋಗುವಾಗ ಬೆಳಿಗ್ಗೆ ಹತ್ತು ಗಂಟೆಗೆ, ಷೋರೂಮಿನವರು ಎಲ್ಲವನ್ನೂ ಸಿದ್ಧಮಾಡಿ ನಿಲ್ಲಿಸಿದ ಕಾರಿನಲ್ಲಿ ಹೋಗಬೇಡಿ. ಸಂಜೆ ಏಳರ ಮೇಲೆ ಹೋಗಿ, ಮಳೆಯಿದ್ದರೆ ಇನ್ನೂ ಒಳ್ಳೆಯದು. ಕನ್ನಡಿ, ಎ.ಸಿ., ರೇಡಿಯೋ ಎಲ್ಲವನ್ನೂ ಕಾರು ನಿಂತಿರುವಾಗಲೇ ಹೊಂದಿಸಿಕೊಳ್ಳಿ. ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುತ್ತಿರುವಾಗ ಮುಂಗಾಜಿಗೆ ಮಂಜು ಕವಿದರೆ ಎಷ್ಟು ಸಲ ಕಣ್ಣು ಪರದೆಯ ಕಡೆ ಹೊರಳಿತೆಂದು ಪಕ್ಕದಲ್ಲಿ ಕುಳಿತವರಿಗೆ ಎಣಿಸಲು ಹೇಳಿ.