ಮನೆ ಬಾಗಿಲಿಂದ ಅಳೆಯಿರಿ: ಮುತ್ತತ್ತಿ ಸೀಮೆಯವರ ಹಕ್ಕೊತ್ತಾಯ ಪತ್ರ

ಇವರಿಂದ: ಮುತ್ತತ್ತಿ, ಹಲಗೂರು ಸುತ್ತಲಿನ ಊರುಗಳವರು, ಮಳವಳ್ಳಿ ತಾಲ್ಲೂಕು
ಇವರಿಗೆ: ಕರ್ನಾಟಕ ಸರ್ಕಾರ



ಸೀತಮ್ಮನ ಮೂಗುತಿಯನ್ನು ಕಾವೇರಿಯ ಮಡುವಿನಿಂದ ಎತ್ತಿಕೊಟ್ಟ ಹನುಮಂತನೇ ನಮ್ಮ ಮುತ್ತತ್ತಿರಾಯ. ಒಂದೇ ನೆಗೆತಕ್ಕೆ ಕಡಲು ದಾಟಿದವನ ಒಕ್ಕಲು ನಾವು. ಆದರೂ ಇವತ್ತಿಗೂ ಹಲಗೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೇವೆ. ಹೋದ ವರ್ಷ ನಮ್ಮೂರ ಹುಡುಗನೊಬ್ಬ ದುಬೈಯಿಂದ ಬಂದ. ಸುಮಾರು 2,700 ಕಿ.ಮೀ. ದಾರಿ ನಾಲ್ಕು ಗಂಟೆಯಲ್ಲಿ ಮುಗಿಯಿತು. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು 135 ಕಿ.ಮೀ.; ಅದಕ್ಕೆ ಏಳು ಗಂಟೆ ಹಿಡಿಯಿತು. ಮೆಜೆಸ್ಟಿಕ್, ಕನಕಪುರ, ಸಾತನೂರು, ಹಲಗೂರು, ಕೊನೆಗೆ ಯಾರದೋ ಆಟೊ. ಅವ್ವನಿಗೆಂದು ತಂದ ಖರ್ಜೂರದ ಡಬ್ಬಿ ಆ ಕುಲುಕಾಟಕ್ಕೆ ಬಾಯಿಬಿಟ್ಟು, ಅರ್ಧ ಖರ್ಜೂರ ಸೀಟಿನಡಿ ಸೇರಿತ್ತು. ಆದ್ದರಿಂದ ನಮ್ಮ ಒತ್ತಾಯಗಳು:

1. ಹಾರಾಟದ ಹೊತ್ತು ಹೇಳುವಾಗ ನೆಲದ ಹೊತ್ತನ್ನೂ ಹೇಳಬೇಕು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ 157 ಕಿ.ಮೀ. ಆಸುಪಾಸು. ಗಂಟೆಗೆ 500 ಕಿ.ಮೀ. ಹಾರುವ ಸಣ್ಣ ವಿಮಾನ ಎಟಿಆರ್‌ಗೆ ಲೆಕ್ಕದಲ್ಲಿ ಇಪ್ಪತ್ತು ನಿಮಿಷದ ದಾರಿ. ವೇಳಾಪಟ್ಟಿ ಹಾಗೆ ಎಣಿಸುವುದಿಲ್ಲ. ಗಾಲಿಗೆ ಕೊಟ್ಟ ಅಡ್ಡಗಟ್ಟೆ ತೆಗೆದ ಗಳಿಗೆಯಿಂದ, ಇಳಿದು ನಿಂತು ಮತ್ತೆ ಅಡ್ಡಗಟ್ಟೆ ಕೊಡುವವರೆಗೆ ಎಣಿಸುತ್ತದೆ. ರನ್‌ವೇವರೆಗಿನ ಓಟ, ಸರದಿಗೆ ಕಾಯುವುದು, ಇಳಿಯುವ ಮುಂಚಿನ ಸುತ್ತು ಎಲ್ಲವೂ ಅದರಲ್ಲಿ ಸೇರುತ್ತವೆ. ವಿಮಾನದ ಗಾಲಿಗೆ ಸಿಕ್ಕ ಈ ಮರ್ಯಾದೆ ನಮ್ಮ ಕಾಲಿಗೂ ಸಿಗಲಿ. ಮಳವಳ್ಳಿ, ಹಲಗೂರು, ಕನಕಪುರದ ಬಸ್ ನಿಲ್ದಾಣಗಳಲ್ಲಿ, ವಿಮಾನ ನಿಲ್ದಾಣ ಮುಟ್ಟಲು ನಿಜಕ್ಕೂ ಎಷ್ಟು ಹೊತ್ತು ಬೇಕೆಂದು ಬರೆದು ಹಾಕಿ.

2. ಮೈಸೂರು–ದೇವನಹಳ್ಳಿ ವಿಮಾನ ನಿಲ್ದಾಣದ ಫ್ಲೈಬಸ್‌ಗಳಲ್ಲಿ ಎರಡನ್ನಾದರೂ ಮಳವಳ್ಳಿ, ಹಲಗೂರು, ಕನಕಪುರದ ಮೇಲೆ ಬಿಡಿ. ಒಂದು, ಕೊಲ್ಲಿ ದೇಶಗಳಿಂದ ಬೆಳಗಿನ ಜಾವ ಬಂದಿಳಿಯುವವರ ಹೊತ್ತಿಗೆ ಇರಲಿ.

3. ಕಾಗೆ ಹಾರಿದ ಲೆಕ್ಕದಲ್ಲಿ ಮುತ್ತತ್ತಿಗೆ ಮಂಡಕಳ್ಳಿ 70 ಕಿ.ಮೀ. ಚಿಲ್ಲರೆ, ದೇವನಹಳ್ಳಿ ನೂರು ದಾಟುತ್ತದೆ. ಹತ್ತಿರದ್ದು ನಮ್ಮ ಪಾಲಿಗೆ ಇದ್ದೂ ಇಲ್ಲದಂತೆ. 2010ರಲ್ಲಿ ಶುರುವಾದ ಆ ನಿಲ್ದಾಣದ ರನ್‌ವೇ 1,740 ಮೀಟರ್; ಎಟಿಆರ್‌ನಂಥ ಸಣ್ಣ ವಿಮಾನಕ್ಕಷ್ಟೇ ಸಾಕು. ಅದನ್ನು 2,750 ಮೀಟರ್‌ಗೆ ಹಿಗ್ಗಿಸುವ ಯೋಜನೆಗೆ ಗಡುವು ಗೊತ್ತುಮಾಡಿ. ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ 2033ರವರೆಗೆ 150 ಕಿ.ಮೀ. ಒಳಗೆ ಬೇರೆ ಅಂತರರಾಷ್ಟ್ರೀಯ ನಿಲ್ದಾಣ ಕೂಡದು ಎಂಬ ಸಬೂಬು ಇಲ್ಲಿ ನಡೆಯದು. ಮೈಸೂರಿಗೂ ಹಾಸನಕ್ಕೂ ಅದೇ ಒಪ್ಪಂದ ವಿನಾಯಿತಿ ಕೊಟ್ಟಿದೆ.

4. ಬೆಂಗಳೂರಿನ ಎರಡನೇ ನಿಲ್ದಾಣಕ್ಕೆಂದು 2025ರಲ್ಲಿ ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿ ಕಡೆಯ ಜಾಗ ನೋಡಿದ್ದೀರಿ. ಅಲ್ಲಾದರೆ ನಮಗೆ ಹತ್ತಿರ, ಸುಳ್ಳೇಕೆ ಹೇಳೋಣ. ಆದರೆ ಹೊಲ ಕಳೆದುಕೊಳ್ಳುವವರು ಒಪ್ಪದೆ ಬರುವ ಅನುಕೂಲ ಬೇಡ. ಕಾವೇರಿ ವನ್ಯಜೀವಿಧಾಮದ ಮೇಲೆ ವಿಮಾನ ತಗ್ಗಿ ಹಾರುವಂತೆ ದಾರಿ ಹಾಕುವುದೂ ಬೇಡ. ಹಾರುವ ದಾರಿಯ ನಕ್ಷೆಯನ್ನು ಮೊದಲೇ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಕೊಡಿ.

5. ಹಲಗೂರು–ಮುತ್ತತ್ತಿ ರಸ್ತೆಯ ಗುಂಡಿ ಮುಚ್ಚಿ, ಅಗಲ ಮಾತ್ರ ಮಾಡಬೇಡಿ. ಅದು ಆನೆ ದಾಟುವ ದಾರಿ. ಅಲ್ಲಿ ಅರ್ಧ ಗಂಟೆ ತಡವಾದರೂ ನಾವು ಸರ್ಕಾರವನ್ನು ಬೈಯುವುದಿಲ್ಲ.