ಮುಚ್ಚಳದ ಮರ್ಮ

ಮನೆಯಾಕೆಯ ಒಡವೆಗೊಂದು ಮರದ ಪೆಟ್ಟಿಗೆ ಮಾಡಿಕೊಡುವೆನೆಂದು ಹೊಸಬನೊಬ್ಬನು ಮಾತು ಕೊಡುವುದು ಸುಲಭ. ಮುಚ್ಚಳ ಕೂರಿಸುವ ದಿನ ಆ ಮಾತು ಭಾರವಾಗುತ್ತದೆ. ಪೆಟ್ಟಿಗೆಯನ್ನೂ ಮುಚ್ಚಳವನ್ನೂ ಬೇರೆಬೇರೆಯಾಗಿ ಅಳೆದು ಮಾಡಿದರೆ, ಒಂದು ಮೂಲೆ ಮುಂದಕ್ಕೆ ಚಾಚುವುದು, ಇನ್ನೊಂದು ಬಾಯಿ ತೆರೆಯುವುದು. ನುರಿತವರ ಉಪಾಯವೇ ಬೇರೆ. ಅವರು ಆರೂ ಕಡೆ ಮುಚ್ಚಿದ ಒಂದೇ ಪೆಟ್ಟಿಗೆಯನ್ನು ಕೂಡಿಸಿ, ಅಂಟು ಪೂರ್ತಿ ಒಣಗಿದ ಬಳಿಕ, ಮೇಲಿನಿಂದ 1 ಅಂಗುಲ ಕೆಳಗೆ ಸುತ್ತಲೂ ಗೆರೆಯೆಳೆದು ಗರಗಸದಿಂದ ಕೊಯ್ಯುತ್ತಾರೆ. ತಕ್ಕ ಮುಚ್ಚಳ ತಾನಾಗಿಯೇ ದೊರೆಯುತ್ತದೆ. ಆ ಗೆರೆಯಲ್ಲಿ ಮೊಳೆ ಮಾತ್ರ ಇರಕೂಡದು.

ಮರ ತೇಗವಾದರೆ ಲೇಸು; ಬೀಟೆ ಚೆಲುವಾದರೂ ಹೊಸಬನ ಉಳಿಗೆ ಬಲು ಕಠಿಣ. 9 ಅಂಗುಲ ಉದ್ದ, 6 ಅಂಗುಲ ಅಗಲದ ಪೆಟ್ಟಿಗೆಗೆ 3 ನೂಲು ದಪ್ಪದ ಹಲಗೆ ಸಾಕು.

ಇನ್ನು ತಳ. ಅಚ್ಚುಕಟ್ಟಾದ ಪೆಟ್ಟಿಗೆಗಳೂ ಕೆಡುವುದು ಇಲ್ಲಿಯೇ. ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಬಹುಮಟ್ಟಿಗೆ ಅಲುಗದು. ನಾಲ್ಕೂ ಕಡೆ ಅಂಟಿಸಿ ಬಿಗಿದ ತಳವು ಒಂದೋ ತಾನು ಸೀಳುತ್ತದೆ, ಇಲ್ಲವೆ ಮೂಲೆಗಳನ್ನು ಬಿಚ್ಚುತ್ತದೆ. ಆದುದರಿಂದ ಪಕ್ಕದ ಹಲಗೆಗಳ ಒಳಮೈಯಲ್ಲಿ ಸಣ್ಣ ತೋಡು ತೆಗೆದು, ತಳದ ಹಲಗೆಯನ್ನೂ ಮೇಲಿನದನ್ನೂ ಅಂಟಿಲ್ಲದೆ ಅದರಲ್ಲಿ ಕೂರಿಸಿ, ಅಗಲದ ದಿಕ್ಕಿನಲ್ಲಿ ಅರ್ಧ ನೂಲಿನಷ್ಟು ತೆರಪು ಬಿಡಬೇಕು. ಮಳೆಗಾಲದಲ್ಲೇ ಮಾಡುವವನಿಗೆ ಅಷ್ಟೂ ಬೇಡ. ಮರ ಆಗಲೇ ಹಿಗ್ಗಿರುತ್ತದೆ.

ಕೀಲುಗಳು ಹಿತ್ತಾಳೆಯವಾದರೆ ಅಂದ. ಆದರೆ ಹಿತ್ತಾಳೆಯ ತಿರುಪುಮೊಳೆ ಮೆದು. ಗಟ್ಟಿ ಮರದಲ್ಲಿ ತಲೆ ಮುರಿದು ಒಳಗೇ ಉಳಿಯುವುದುಂಟು. ಮೊದಲು ಅದೇ ಅಳತೆಯ ಉಕ್ಕಿನ ತಿರುಪನ್ನು ತಿರುಗಿಸಿ ತೆಗೆದು, ಆ ದಾರಿಯಲ್ಲಿ ಹಿತ್ತಾಳೆಯದನ್ನು ಮೆಲ್ಲನೆ ಇಳಿಸಬೇಕು.