ದಂಡಾ ಕಟ್ಟಿದ್ರೂ ಹೋಗದ ಕಲಿ

ಸೀರಿಗೆ ಅರಿಷಿಣದ ಕಲಿ ಹತ್ತಿದ್ರ ಸಬಕಾರ ಹಚ್ಚಿ ತಿಕ್ಕಿ ಎರಡು ದಿನ ಬಿಸಲಾಗ ಒಣಹಾಕ್ರಿ, ಹೋಗತೈತಿ. ಬಾಳಿಕಾಯಿ ಕಲಿ ಹತ್ತಿದ್ರ ಮಾತ್ರ ಏನು ಮಾಡಿದ್ರೂ ಹೋಗಂಗಿಲ್ಲ. ಆ ಸೀರಿ ಮುಂದ ಹೊಲಕ್ಕ ಉಡಾಕ, ಆಮ್ಯಾಲೆ ಕೌದಿಗೆ. ಇದನ್ನ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದ್ರ ಕೋರ್ಟಿನಾಗ 300 ರೂಪಾಯಿ ದಂಡಾ ಕಟ್ಟಿದ್ರ ಹತ್ತೂ ಕಲಿ ಎಂಥಾದ್ದು ಅನ್ನೂದು ನನಗ ಐವತ್ತು ದಾಟಿದ ಮ್ಯಾಲೆ ತಿಳೀತು. ಅದು ಬಾಳಿಕಾಯಿ ಕಲಿ. ಅದಕ್ಕ ನಮ್ಮ ದೇಶದಾಗ ಸಬಕಾರನ ಮಾಡಿಲ್ಲ. ಇವತ್ತ ಸಿಟ್ಟಿನಾಗ ಬರಿಯಾಕತ್ತೇನಿ, ಓದವ್ರು ಸಹಿಸ್ಕೋರಿ.

ನಮ್ಮ ತಮ್ಮನ ಮಗಂದು ಕಥಿ. ಹೆಸರು ಬರಿಯಂಗಿಲ್ಲ, ಅವನ ಹೆಸರು ಬರದದ್ದ ಈಗಾಗಲೇ ಸಾಕಾಗೈತಿ. ಆಗ ಅವಗ ಇಪ್ಪತ್ತು ವರ್ಷ, ಡಿಗ್ರಿ ಕಡೀ ವರ್ಷದಾಗ ಇದ್ದ. ಪಾಡ್ಯದ ದಿನ ಮುಂಜಾನೆ ನಾವೆಲ್ಲಾ ಹಟ್ಟೆವ್ವನ್ನ ಇಟ್ಟು ಪೂಜಾ ಮಾಡಿ ಹೋಳಿಗಿ ಉಂಡ್ವಿ. ರಾತ್ರಿ ಗೆಳ್ಯಾರು ಕರದ್ರು ಅಂತ ಹೋದ. ಗುಡಿ ಹಿಂದಿನ ಬಯಲಿನಾಗ, ಲೈಟಿನ ಕಂಬದ ಕೆಳಗ, ಆರು ಮಂದಿ ಕುಂತು ಇಸ್ಪೀಟ್ ಆಡ್ಯಾರ. ದೀಪಾವಳಿಗೆ ಎಲಿ ಆಡೂದು ನಮ್ಮ ಕಡೆ ಹೊಸಾದೇನಲ್ಲ, ನಮ್ಮ ಮಾವನವ್ರೂ ಆಡತಿದ್ರು. ಪೊಲೀಸ್ರು ಬಂದ್ರು. 52 ಎಲಿ, ಕೆಳಗ ಹಾಸಿದ್ದ ಒಂದು ಪ್ಲಾಸ್ಟಿಕ್ ಚೀಲ, ಎಲ್ಲಾರ ಮುಂದಿಂದೂ ಸೇರಿ 1,140 ರೂಪಾಯಿ ಜಪ್ತಿ ಮಾಡಿದ್ರು. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 87, ಸಾರ್ವಜನಿಕ ಜಾಗಾದಾಗ ಜೂಜು.

ನಮ್ಮ ತಮ್ಮ ಹೆದರಿ ವಕೀಲ್ರ ಕಡೆ ಓಡಿದ. ಅವ್ರು ಒಂದ ಮಾತಿನಾಗ ಮುಗಿಸಿದ್ರು: "ಸಣ್ಣ ಕೇಸ್ ರೀ. ವಾಯಿದೆ ವಾಯಿದೆ ಅಂತ ವರ್ಷಗಟ್ಟಲೆ ಯಾಕ ಅಡ್ಡಾಡತೀರಿ? ತಪ್ಪಾತು ಅಂತ ಒಪ್ಪಿಕೊಂಡು ದಂಡಾ ಕಟ್ರಿ, ಇವತ್ತ ಬಗೀಹರೀತೈತಿ." ಆರೂ ಹುಡುಗ್ರು ಸಾಲಾಗಿ ನಿಂತು "ತಪ್ಪಾತು ಸಾಹೇಬ್ರ" ಅಂದ್ರು. ತಲಿಗೆ 300 ರೂಪಾಯಿ. ಮಧ್ಯಾಹ್ನ ಊಟಕ್ಕ ಮನಿಗೆ ಬಂದ್ರು. ಬಗೀಹರೀತು ಅಂತ ನಾವು ಹನಮಪ್ಪಗ ಕಾಯಿ ಒಡಿಸಿದ್ವಿ.

ಎರಡು ವರ್ಷದ ಮ್ಯಾಲೆ ಹುಡುಗ ಒಂದು ಸರಕಾರಿ ನೌಕರಿ ಪರೀಕ್ಷಾ ಪಾಸಾದ. ಓಡೂದು, ಜಿಗಿಯೂದು, ಬರಿಯೂದು ಎಲ್ಲಾದ್ರಾಗೂ ಪಾಸು. ಕಡೀಕ ಒಂದು ವೆರಿಫಿಕೇಶನ್ ಫಾರ್ಮ್ ಬಂತು. ನಮ್ಮ ಮನಿತನದಾಗ ಫಾರ್ಮ್ ತುಂಬೂ ಕೆಲಸ ನಂದು. ಪಿಯುಸಿ ಓದೇನಲ್ಲ, ರೇಷನ್ ಕಾರ್ಡಿನಿಂದ ಹಿಡಕೊಂಡು ಬೆಳಿವಿಮೆ ತನಕಾ ಎಲ್ಲಾ ನನ್ನ ಕೈಯಾಗ. ಒಂದು ಪ್ರಶ್ನೆ ಇತ್ತು: ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೆ, ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿದೆಯೆ, ದಂಡ ಅಥವಾ ಶಿಕ್ಷೆ ವಿಧಿಸಲಾಗಿದೆಯೆ? ಹುಡುಗ ನನ್ನ ಮಾರಿ ನೋಡಿದ. "ಅತ್ತಿ, ಇದಕ್ಕೇನು ಬರಿಯೂದು?" ನಾನು ಅಂದೆ, "ಅದೇನ ಕೇಸೇನೋ, ಮುಗದ ಹೋಗೇತಿ. ಇಲ್ಲ ಅಂತ ಬರೀತೇನಿ." ನನ್ನ ಕೈಲೇನ "ಇಲ್ಲ" ಅಂತ ಬರದೆ.

ತಪಾಸಣಿಯಾಗ ಕೇಸು ಸಿಕ್ತು. "ಮಾಹಿತಿ ಮುಚ್ಚಿಟ್ಟಿದ್ದಾನೆ" ಅಂತ ಆಯ್ಕೆ ರದ್ದಾತು. ಇಸ್ಪೀಟ್ ಆಡಿದ್ದು ಅವಂದು ತಪ್ಪು. "ಇಲ್ಲ" ಅಂತ ಬರದದ್ದು ನಂದು. ನಾ ಇದನ್ನ ಯಾರ ಮ್ಯಾಲೂ ಹಾಕಂಗಿಲ್ಲ. ಆದ್ರ ಆಮ್ಯಾಲೆ ನಾ ಸುಮ್ಮನ ಕೂಡಲಿಲ್ಲ. ಬ್ಯಾರೆ ವಕೀಲ್ರನ್ನ ಕೇಳಿದೆ, ಕಾಯ್ದೆ ಪುಸ್ತಕ ತರಿಸಿ ಓದಿದೆ. ಈ ಕಲಿ ತೊಳಿಯಾಕ ಯಾವ ದಾರಿ ಐತಿ ಅಂತ ಹುಡುಕಿದೆ. ಏನ ಸಿಕ್ತು ಹೇಳತೇನಿ ಕೇಳ್ರಿ.

ಒಂದು ದಾರಿ ಅಪೀಲು. ಆದ್ರ ಮ್ಯಾಜಿಸ್ಟ್ರೇಟರ ಮುಂದ ತಪ್ಪು ಒಪ್ಪಿಕೊಂಡು ಶಿಕ್ಷೆ ಆದವಗ, ಶಿಕ್ಷೆ ಹೆಚ್ಚಾತು ಅಥವಾ ಕಾಯ್ದೆ ಪ್ರಕಾರ ಇಲ್ಲ ಅನ್ನೂದಷ್ಟನ್ನ ಬಿಟ್ಟು ಬ್ಯಾರೆ ಅಪೀಲಿಲ್ಲ. ಹಳೆ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಂ ಇದನ್ನ ಹೇಳತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೊಳಗ ಅದ 416ನೇ ಕಲಂ ಆಗಿ ಕುಂತೈತಿ. ಅಂದ್ರ "ತಪ್ಪಾತು ಸಾಹೇಬ್ರ" ಅಂದ ಆ ಎರಡು ಮಾತಿನಿಂದ ಬಾಗಲಾ ಮುಚ್ಚಿತು. ಮುಚ್ಚೂ ಮುಂದ ಯಾರೂ ಹೇಳಲಿಲ್ಲ. ಹೈಕೋರ್ಟಿಗೆ ಹೋಗಿ ಕೇಳಬಹುದು ಅಂತಾರ. 300 ರೂಪಾಯಿ ದಂಡಕ್ಕ ಧಾರವಾಡ ಪೀಠಕ್ಕ ಎಷ್ಟು ಸಲ ಎಡತಾಕಬೇಕು, ಎಷ್ಟು ಫೀ ಕೊಡಬೇಕು? ಎರಡೆಕ್ರೆ ಗೋವಿನಜೋಳದವ್ರ ಮಾತಲ್ಲ ಅದು. ಇನ್ನ ಸಂವಿಧಾನದ 161ನೇ ವಿಧಿ ಪ್ರಕಾರ ರಾಜ್ಯಪಾಲ್ರು ಕ್ಷಮಾ ಕೊಡಬಹುದು. ಇಸ್ಪೀಟಿನ ದಂಡಕ್ಕ ರಾಜಭವನಕ್ಕ ಅರ್ಜಿ ಬರಿಯೂದಂತ! ಬರದವ್ರನ್ನ ನಾ ಅಂತೂ ಕಂಡಿಲ್ಲ.

ಇನ್ನೊಂದು ಸಿಕ್ತು, ಅದನ್ನ ಓದಿದ ದಿನ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅಂತ 1958ರಾಗ ಒಂದು ಮಾಡ್ಯಾರ, ಪ್ರೊಬೇಷನ್ ಕಾಯ್ದೆ ಅಂತಾರಲ್ಲ ಅದು. ಅದರ 3ನೇ ಕಲಂ ಏನ ಹೇಳತೈತಿ ಅಂದ್ರ, ಎರಡು ವರ್ಷದೊಳಗಿನ ಶಿಕ್ಷೆಯ ಸಣ್ಣ ತಪ್ಪು ಇದ್ದು, ಹಿಂದ ಶಿಕ್ಷೆ ಆಗದವ ಇದ್ರ, ನ್ಯಾಯಾಧೀಶ್ರು ದಂಡಾ ಹಾಕೂ ಬದಲಿ ಎಚ್ಚರಿಕೆ ಕೊಟ್ಟು ಬಿಡಬಹುದು. 12ನೇ ಕಲಂ ಹೇಳತೈತಿ: ಹಂಗ ಬಿಟ್ಟವಗ ಶಿಕ್ಷೆಯಿಂದ ಬರೂ ಅನರ್ಹತೆ ತಟ್ಟಬಾರದು. ಅಂದ್ರ ಬೈಸಿಕೊಂಡು ಬಂದವಗ ರಕ್ಷಣಾ ಐತಿ, ರೊಕ್ಕಾ ಕಟ್ಟಿ ಬಂದವಗ ಇಲ್ಲ! ಅವತ್ತ ಆ ಹುಡುಗ್ರ ಪರವಾಗಿ ಯಾರರೆ ಒಬ್ರು ಎದ್ದು ನಿಂತು "3ನೇ ಕಲಂ ನೋಡ್ರಿ ಸಾಹೇಬ್ರ" ಅಂದಿದ್ರ ಸಾಕಿತ್ತು. 300 ರೂಪಾಯಿನೂ ಉಳೀತಿತ್ತು, ಬಾಳೇನೂ ಉಳೀತಿತ್ತು.

ಹದಿನೆಂಟು ತುಂಬದ ಮಕ್ಕಳಿಗೆ ಕಾಯ್ದೆ ಇದಕ್ಕಿಂತಾ ಮೆತ್ತಗೈತಿ. 2015ರ ಬಾಲನ್ಯಾಯ ಕಾಯ್ದೆ 24ನೇ ಕಲಂ ಪ್ರಕಾರ, ಘೋರ ಅಪರಾಧಗಳನ್ನ ಬಿಟ್ರ, ಮಗುವಿಗೆ ಅನರ್ಹತೆ ಹತ್ತಂಗಿಲ್ಲ. ಅಪೀಲಿನ ಅವಧಿ ಮುಗದ ಮ್ಯಾಲೆ ಕಾಗದಪತ್ರನ ನಾಶ ಮಾಡಬೇಕು. ಹಂಗಾರ ಅಳಿಸಾಕ ಸರಕಾರಕ್ಕ ಬರತೈತಿ. ಬರಂಗಿಲ್ಲ ಅಂತ ಹೇಳೂ ಹಂಗಿಲ್ಲ. ಹದಿನೇಳನೇ ವರ್ಷಕ್ಕ ಅಳಿಸೂ ಸರಕಾರ ಇಪ್ಪತ್ತನೇ ವರ್ಷಕ್ಕ ಯಾಕ ಕೈ ಕಟ್ಟತೈತಿ?

ಈಗ ದೊಡ್ಡವ್ರ ಕಡೆ ನೋಡ್ರಿ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆ, 8ನೇ ಕಲಂ. ಎರಡು ವರ್ಷ ಅಥವಾ ಅದಕ್ಕಿಂತಾ ಹೆಚ್ಚು ಜೈಲು ಶಿಕ್ಷೆ ಆದವ ಜೈಲಿನಾಗ ಇದ್ದಷ್ಟು ದಿನ, ಬಿಡುಗಡೆ ಆಗಿ 6 ವರ್ಷ, ಎಲೆಕ್ಷನ್ನಿಗೆ ನಿಂದ್ರಂಗಿಲ್ಲ. 6 ವರ್ಷ ಮುಗೀತು, ನಿಂದ್ರಬಹುದು. ಎಮ್ಮೆಲ್ಲೆ ಆಗಬಹುದು, ಮಂತ್ರಿನೂ ಆಗಬಹುದು. ನಮ್ಮ ಹುಡುಗನ 300 ರೂಪಾಯಿ ದಂಡಾ ಅಂತೂ ಅವಗ ಎಮ್ಮೆಲ್ಲೆ ಆಗಾಕ ಒಂದು ದಿನಾನೂ ಅಡ್ಡ ಬರಂಗಿಲ್ಲ. ಆದ್ರ ಸಣ್ಣ ನೌಕರಿ ಫಾರ್ಮಿನಾಗ "ಎಂದಾದರೂ" ಅಂತ ಕೇಳತಾರ. ಆ "ಎಂದಾದರೂ" ಅನ್ನೂದಕ್ಕ ಕೊನಿ ಇಲ್ಲ. ಮಂತ್ರಿಗೆ 6 ವರ್ಷ, ಜವಾನಗ ಜೀವಮಾನ. ಇದು ಯಾವ ಲೆಕ್ಕಾರೀ?

ಕೇಸು ವಾಪಸ್ ತಗೊಳ್ಳೂದೂ ಹಂಗ. 2024ರ ಅಕ್ಟೋಬರ್‌ದಾಗ ನಮ್ಮ ರಾಜ್ಯ ಸರಕಾರ 43 ಕ್ರಿಮಿನಲ್ ಕೇಸು ಹಿಂದಕ್ಕ ತಗೊಳ್ಳಾಕ ಆದೇಶ ಮಾಡ್ತು, 2025ರ ಮೇದಾಗ ಹೈಕೋರ್ಟ್ ಆ ಆದೇಶ ರದ್ದು ಮಾಡ್ತು. ಯಾವ ಪಕ್ಷ ಸರಿ, ಯಾವದು ತಪ್ಪು ಅನ್ನೂ ಜಗಳ ನನಗ ಬ್ಯಾಡ. ಎಲ್ಲಾ ಪಕ್ಷದವ್ರೂ ತಮ್ಮ ತಮ್ಮ ಕಾಲಕ್ಕ ಇದನ್ನ ಮಾಡಿದವ್ರ. ನನ್ನ ಪ್ರಶ್ನೆ ಇಷ್ಟ: ಮಂದಿ ಕಟ್ಟಿಕೊಂಡು ಬರವ್ರಿಗೆ ಕ್ಯಾಬಿನೆಟ್ ಕೂಡತೈತಿ, ಒಬ್ಬಾಕಿ ಅತ್ತಿ ಹೋಗಿ ಬಾಗಲಾ ಬಡದ್ರ ಯಾರು ಕೂಡತಾರ?

ಸುಪ್ರೀಂ ಕೋರ್ಟ್ 2016ರಾಗ ಅವತಾರ್ ಸಿಂಗ್ ಅನ್ನವ್ರ ಕೇಸಿನಾಗ ಒಂದು ಚಲೋ ಮಾತು ಹೇಳೈತಿ. ಸಣ್ಣ ವಯಸ್ಸಿನಾಗ ಘೋಷಣಾ ಕೂಗಿದಂಥಾ ಕ್ಷುಲ್ಲಕ ಕೇಸು ಮುಚ್ಚಿಟ್ಟಿದ್ರೂ ನೌಕರಿ ಕೊಡವ್ರು ಅದನ್ನ ಮನ್ನಿಸಬಹುದು ಅಂತ. ಆದ್ರ ನೋಡ್ರಿ, "ಬಹುದು". ಮನ್ನಿಸಲೇಬೇಕು ಅಂತಲ್ಲ. ನಮ್ಮಂಥವ್ರ ಬಾಳೇ ಈ "ಬಹುದು" ಮ್ಯಾಲೆ ನಿಂತೈತಿ. ಟೇಬಲ್ ಆ ಕಡೆ ಕುಂತವ್ರ ಮನಸು ಚಲೋ ಇತ್ತಂದ್ರ ಬಹುದು, ಇಲ್ಲಂದ್ರ ಇಲ್ಲ.

ಕಾಯ್ದಿ ಹೋದ್ರೂ ಕಲಿ ಹ್ಯಾಂಗ ಉಳೀತೈತಿ ಅನ್ನಾಕ ನಮ್ಮ ಹುಬ್ಬಳ್ಳಿನ ಸಾಕ್ಷಿ. ಅಲ್ಲೆ ಸೆಟ್ಲಮೆಂಟ್ ಅಂತ ಒಂದು ಭಾಗ ಐತಿ. ಸಣ್ಣಾಕಿ ಇದ್ದಾಗ ನಮ್ಮ ಅವ್ವ "ಆ ಕಡೆ ಹೋಗಬ್ಯಾಡ" ಅಂತಿದ್ಲು, ಯಾಕ ಅಂತ ಆಕಿಗೂ ಗೊತ್ತಿದ್ದಿಲ್ಲ. ಬ್ರಿಟಿಷರು 1871ರಾಗ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ, ಪೂರಾ ಪೂರಾ ಜಾತಿಗಳನ್ನ ಹುಟ್ಟುಗಳ್ಳರು ಅಂತ ದಫ್ತರದಾಗ ಬರದ್ರು. ಅಂಥಾವ್ರನ್ನ ತಂದು ಇಟ್ಟ ಜಾಗಾ ಅದು. ಪೊಲೀಸ್ರಿಗೆ ಹಾಜರಿ ಕೊಡಬೇಕು, ಪಾಸ್ ಇಲ್ಲದ ಊರು ಬಿಡಂಗಿಲ್ಲ. ಹುಟ್ಟಿದ ಕೂಸಿಗೂ ಕಲಿ! 1952ರ ಆಗಸ್ಟ್ 31ಕ್ಕ ಆ ಕಾಯ್ದೆ ದೇಶದ ತುಂಬ ಹೋತು. ಹೆಸರು ಹೋತೇನು? ಇನ್ನೂ ಸೆಟ್ಲಮೆಂಟ್ ಅಂತನ ಅಂತೇವಿ. ಜೈಲಿನ ರಜಿಸ್ಟರಿನಾಗಿನ ಜಾತಿ ಕಾಲಂ ತಗೀರಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾದ್ರ 2024ರ ಅಕ್ಟೋಬರ್ ಬರಬೇಕಾತು.

ಆ ಬ್ರಿಟಿಷರ ತಮ್ಮ ಮಂದಿಗೆ ಮಾತ್ರ 1974ರಾಗ ಬ್ಯಾರೆ ಕಾಯ್ದೆ ಮಾಡಿಕೊಂಡಾರ. ಇಂಗ್ಲೆಂಡಿನಾಗ ಸಣ್ಣ ಶಿಕ್ಷೆ ಆದವ ಇಂತಿಷ್ಟು ವರ್ಷ ಮತ್ತ ತಪ್ಪು ಮಾಡಲಿಲ್ಲಂದ್ರ ಆ ಶಿಕ್ಷೆ "ಸವದು ಹೋತು" ಅಂತ ಲೆಕ್ಕ. ಬರೇ ದಂಡಾ ಆಗಿದ್ರ ಈಗ ಅದಕ್ಕ ಒಂದ ವರ್ಷ. ಆಮ್ಯಾಲೆ ಸಾಮಾನ್ಯ ನೌಕರಿಗೆ ಕೇಳಿದ್ರ ಹೇಳಬೇಕಾಗಿಲ್ಲ. ಮಕ್ಕಳ ಜೋಡಿ ಮಾಡೂ ಕೆಲಸ ಅಂಥಾವಕ್ಕ ಬ್ಯಾರೆ ನಿಯಮ ಐತಿ. ನಮಗ ಕಲಿ ಹಚ್ಚೂದು ಕಲಿಸಿ ಹೋದ್ರು. ತೊಳಿಯೂದನ್ನ ಅಲ್ಲೇ ಇಟ್ಟುಕೊಂಡ್ರು, ನಾವೂ ಕೇಳಲಿಲ್ಲ.

ನಮ್ಮ ಮನಿಯವ್ರು ಇದನ್ನೆಲ್ಲಾ ಕೇಳಿ ಅಂದ್ರು, "ನಿನ್ನ ಸೋದರಳಿಯ ಅಂತ ಹಿಂಗ ಅಂತಿ. ನಾಳೆ ಬಲಾತ್ಕಾರ ಮಾಡಿದವ ಬಂದು ನಂದೂ ಅಳಿಸ್ರಿ ಅಂದ್ರ?" ಬರೋಬರಿ ಮಾತು. ನಾನೂ ಒಬ್ಬಾಕಿ ಮಗಳ ತಾಯಿ. ಮಗಳಿಗೆ ವರ ನೋಡೂ ಮುಂದ ಒಂದು ಚಲೋ ಸಂಬಂಧ ಬಂದಿತ್ತು. "ಹುಡುಗನ ಮ್ಯಾಲೆ ಏನೋ ಕೇಸ್ ಇತ್ತಂತ" ಅಂತ ಯಾರೋ ಅಂದ್ರು. ಏನು ಕೇಸು, ಯಾವಾಗ, ಏನಾತು ಅಂತ ಕೇಳದ ಬ್ಯಾಡ ಅಂದೆ. ಅವನೂ ಪಾಡ್ಯದ ದಿನ ಎಲಿ ಆಡಿದವನ ಇದ್ನೋ ಏನೋ. ಈಗ ನಮ್ಮ ಹುಡುಗನ ಸಂಬಂಧ ಎರಡು ಕಡೆ ಮುರದ ಮ್ಯಾಲೆ ಅದು ನೆನಪಾಗತೈತಿ. ಮೊದಲ ಮಂದಿ ಬಾಯಿ ಇತ್ತು, ಈಗ ಮೊಬೈಲ್‌ದಾಗ ಕೋರ್ಟಿನ ತಾಣ ತಗದು ಹೆಸರು ಹೊಡದ್ರ ಕೇಸು ಬರತೈತಿ.

ಅದಕ್ಕ ನಾ ಎಲ್ಲಾರದೂ ಅಳಿಸ್ರಿ ಅನ್ನಂಗಿಲ್ಲ. ಹೆಣ್ಣುಮಕ್ಕಳ ಮ್ಯಾಲೆ, ಮಕ್ಕಳ ಮ್ಯಾಲೆ ಕೈ ಮಾಡಿದವ್ರದು, ಮಂದಿ ರೊಕ್ಕಾ ನುಂಗಿದವ್ರದು ಇರ್ಲಿ. ನಾ ಕೇಳೂದು: ಬರೇ ದಂಡದಾಗ ಮುಗದ ಮೊದಲನೇ ತಪ್ಪು, ಆಮ್ಯಾಲೆ 5 ವರ್ಷ ಮತ್ತ ಏನೂ ಇಲ್ಲ, ಅಂಥಾವನ ಹೆಸರು ತಾನಾಗೇ ಹೋಗಬೇಕು. ಅರ್ಜಿ ಇಲ್ಲ, ವಕೀಲ್ರಿಲ್ಲ. ಫಾರ್ಮಿನಾಗ "ಎಂದಾದರೂ" ತಗದು "ಕಳೆದ 5 ವರ್ಷಗಳಲ್ಲಿ" ಅಂತ ಬರೀಬೇಕು. ಹೆಸರು ಹೊಡದ್ರ ಅಂಥಾ ಕೇಸು ಮಂದಿಗೆ ಕಾಣಬಾರದು. ಮತ್ತ, ತಪ್ಪೊಪ್ಪಿಗಿ ತಗೊಳ್ಳೂ ಮೊದಲ ನ್ಯಾಯಾಧೀಶ್ರು ಕನ್ನಡದಾಗ ಹೇಳಬೇಕು: "ತಮ್ಮಾ, ಇದನ್ನ ಒಪ್ಪಿದ್ರ ನೀ ಶಿಕ್ಷೆ ಆದವ ಅಂತ ಉಳೀತಿ. ನೌಕರಿಗೆ ಅಡ್ಡ ಬರಬಹುದು." ಇಷ್ಟು ಹೇಳಾಕ ಅರ್ಧ ನಿಮಿಷ ಹತ್ತತೈತಿ.

ಸರಕಾರ ಮಾಡೂ ತನಕ ನಾವೇನು ಮಾಡೂನು? ಅಕ್ಕಾರ, ತಂಗ್ಯಾರ, ಮನಿಯಾಗಿನ ಹುಡುಗ ಸಣ್ಣ ಕೇಸಿನಾಗ ಸಿಕ್ಕರ "ಒಪ್ಪಿಕೊಂಡು ಬಾ" ಅನ್ನಬ್ಯಾಡ್ರಿ. ವಕೀಲ್ರನ್ನ ಪ್ರೊಬೇಷನ್ ಕಾಯ್ದೆ 3 ಮತ್ತ 12ನೇ ಕಲಂ ಕೇಳ್ರಿ ಅಂತ ಬಾಯಿಬಿಟ್ಟು ಹೇಳ್ರಿ. ವಕೀಲ್ರಿಗೆ ಕೊಡಾಕ ಇಲ್ಲಂದ್ರ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗ್ರಿ, ಇಲ್ಲಾ 15100ಕ್ಕ ಫೋನ್ ಮಾಡ್ರಿ. ದಂಡಾ ಕಟ್ಟಿದ್ರ ರಸೀದಿ, ತೀರ್ಪಿನ ನಕಲು ತಗೊಂಡು ಟ್ರಂಕಿನಾಗ ಇಡ್ರಿ. ಫಾರ್ಮಿನಾಗ ಕೇಳಿದ್ರ ಇದ್ದದ್ದನ್ನ ಇದ್ದಂಗ ಬರೀರಿ. ನನ್ನಂಗ ಪ್ರೀತಿಲೆ "ಇಲ್ಲ" ಅಂತ ಬರೀಬ್ಯಾಡ್ರಿ.

ನಮ್ಮ ಹುಡುಗ ಈಗ ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಒಂದು ದಲಾಲಿ ಅಂಗಡಿಯಾಗ ಲೆಕ್ಕ ಬರೀತಾನ. ಲಕ್ಷಗಟ್ಟಲೆ ರೊಕ್ಕಾ ಅವನ ಕೈಯಾಗ ಅಡ್ಡಾಡತೈತಿ, ಸಾವಕಾರ ಒಂದು ದಿನಾನೂ ಅನುಮಾನ ಮಾಡಿಲ್ಲ. ಹೋದ ತಿಂಗಳ ಮತ್ತೊಂದು ನೌಕರಿ ಫಾರ್ಮ್ ತಂದಿದ್ದ. ಅದ ಪ್ರಶ್ನೆ, ಅದ "ಎಂದಾದರೂ". ಪೆನ್ನು ಅವನ ಕೈಯಾಗ ಕೊಟ್ಟೆ. "ಹೌದು" ಅಂತ ಬರದ, ಕೆಳಗ ಕಲಂ 87, 300 ರೂಪಾಯಿ ಅಂತ ಬರದ, ತೀರ್ಪಿನ ನಕಲು ಹಚ್ಚಿದ. ಸಹಿ ಮಾಡಿ ನನ್ನ ಮಾರಿ ನೋಡಿ, "ಈ ಸಲ ಮುಚ್ಚಿಟ್ಟಿಲ್ಲ ಅತ್ತಿ, ಈಗರ ಕೊಡತಾರೇನು?" ಅಂದ. ನನ್ನ ಕಡೆ ಉತ್ತರ ಇದ್ದಿಲ್ಲ. ಉತ್ತರ ಕೊಡಬೇಕಾದವ್ರು ಕೊಡ್ಲಿ.